ಸೆಂಚೂರಿಯನ್ ಮಾದರಿಯ ಮೇಲೆ ಮಣ್ಣು, ಸವೆತ, ತುಕ್ಕು: ಎಲ್ಲಿ, ಎಷ್ಟು, ಏಕೆ?

(ದೃಶ್ಯ: ಜೋಡಿಸಿದ, ಬಣ್ಣ ಬಳಿಯದ ಮಾದರಿ)

ನಮಸ್ಕಾರ. ಮೇಜಿನ ಮೇಲಿರುವುದು 1/35 ಅಳತೆಯ ಸೆಂಚೂರಿಯನ್ ಟ್ಯಾಂಕ್. 1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಹೋರಾಡಿ ಮಡಿದದ್ದು ‘ಫಾಮಗುಸ್ತಾ’ ಎಂಬ ಹೆಸರಿನ ಇಂಥದೇ ಟ್ಯಾಂಕಿನಲ್ಲಿ. ಬೆಂಗಳೂರಿನಲ್ಲಿ ಕುಳಿತು ಅದನ್ನು ಕಟ್ಟುವವರು ಮೊದಲು ನಮ್ಮ ಕೆಂಪು ಮಣ್ಣನ್ನು ಮರೆಯಬೇಕು. ಬಸಂತರ್ ಹರಿಯುವುದು ಮೆಕ್ಕಲು ಮಣ್ಣಿನ ಬಯಲಿನಲ್ಲಿ, ಅಲ್ಲಿನ ಧೂಳು ಬೂದು ಬೆರೆತ ನಸುಕಂದು.

ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲವಾದ್ದರಿಂದ ಮಾದರಿಯನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚಿನ ತಳಲೇಪ, ಹೊಡೆಯಿರಿ. ಮಳೆ ಹಿಡಿದ ದಿನ ಮಾತ್ರ ಲ್ಯಾಕರ್ (ಬೇಗ ಆರುವ ದ್ರಾವಕವಿರುವ ಲೇಪ) ಸಿಂಪಡಿಸಬೇಡಿ: ದ್ರಾವಕ ಆವಿಯಾಗುತ್ತ ಮೇಲ್ಮೈಯನ್ನು ತಣ್ಣಗಾಗಿಸಿದಾಗ ಗಾಳಿಯ ತೇವ ಅಲ್ಲೇ ಕೂತು ಪದರ ಬೆಳ್ಳಗೆ ಮಬ್ಬಾಗುತ್ತದೆ.

(ದೃಶ್ಯ: ಏರ್‌ಬ್ರಷ್, ಬಳಿಕ ಸಣ್ಣ ಕುಂಚ)

ಅಕ್ರಿಲಿಕ್ ಹಸಿರಿನ ಮೇಲೆ ಹೊಳಪಿನ ವಾರ್ನಿಷ್ ಹಚ್ಚಿ, ಡೆಕಾಲ್ (ಗುರುತು, ಅಂಕಿಗಳ ತೆಳು ಅಂಟುಚಿತ್ರ) ಅಂಟಿಸಿದ ಮೇಲೆ, ಮಿನರಲ್ ಟರ್ಪೆಂಟೈನ್‌ನಲ್ಲಿ ತೆಳುಮಾಡಿದ ಗಾಢ ಕಂದು ತೈಲವರ್ಣವನ್ನು ಬೋಲ್ಟಿನ ಬುಡಕ್ಕೆ ಮುಟ್ಟಿಸಿದರೆ, ಅದು ತಾನಾಗಿಯೇ ಸಂದುಗಳಲ್ಲಿ ಹರಿಯುತ್ತದೆ. ಒಣಗಿದ ಅಕ್ರಿಲಿಕ್ಕನ್ನು ಈ ದ್ರಾವಕ ಸಾಮಾನ್ಯವಾಗಿ ಕರಗಿಸದ ಕಾರಣ, ಹೆಚ್ಚಾದುದನ್ನು ಒರೆಸಿ ತೆಗೆಯಬಹುದು.

ಸವೆತದ ವಿಷಯದಲ್ಲಿ ನನ್ನದು ಖಚಿತವಾದ ಅಭಿಪ್ರಾಯ: ಬಹುತೇಕ ಮಾದರಿಗಳಲ್ಲಿ ಅದು ಮಿತಿಮೀರಿದೆ. ಈ ಅಳತೆಯಲ್ಲಿ 1 ಮಿಲಿಮೀಟರ್ ಗಾತ್ರದ ಕಲೆಯೆಂದರೆ ನಿಜವಾದ ಟ್ಯಾಂಕಿನ ಮೇಲೆ 3.5 ಸೆಂಟಿಮೀಟರ್ ಅಗಲ ಬಣ್ಣ ಎದ್ದಂತೆ. ಆದ್ದರಿಂದ ಸೈನಿಕರ ಬೂಟು ತಗಲುವ ಅಂಚು, ಹ್ಯಾಚಿನ ಸುತ್ತ, ಸಲಕರಣೆ ಉಜ್ಜುವ ಜಾಗ, ಇಷ್ಟಕ್ಕೇ ಸ್ಪಂಜಿನ ಮೊನೆಯಿಂದ ಚುಕ್ಕೆಗಳಿರಲಿ. ಬಳಕೆಯಲ್ಲಿರುವ ಟ್ಯಾಂಕಿನ ಕವಚ ಗುಜರಿ ಕಬ್ಬಿಣದಂತೆ ತುಕ್ಕು ಹಿಡಿದಿರುವುದಿಲ್ಲ. ದಟ್ಟ ತುಕ್ಕು ಒಪ್ಪುವುದು, ಬಿಸಿಗೆ ಬಣ್ಣ ಸುಟ್ಟುಹೋಗುವ, ಹಿಂಬದಿಯ ಸೈಲೆನ್ಸರ್‌ಗಳಿಗೆ. ಟ್ರ್ಯಾಕ್ ನೆಲಕ್ಕೆ ತಾಗುವ ಕಡೆ ಉಕ್ಕು ಹೊಳೆಯಬೇಕು, ಚಕ್ರಗಳ ರಬ್ಬರ್ ಅಂಚಿಗೆ ಲೋಹದ ಬಣ್ಣ ಸೋಕಲೇಬಾರದು.

(ದೃಶ್ಯ: ಚಕ್ರಗಳ ಸಮೀಪ ನೋಟ)

ಕೊನೆಗೆ ಮ್ಯಾಟ್ ವಾರ್ನಿಷ್, ಆಮೇಲೆ ಮಣ್ಣು-ಧೂಳಿಗಾಗಿ ಪಿಗ್ಮೆಂಟ್, ಅಂದರೆ ಒಣ ಬಣ್ಣದ, ಪುಡಿ. ಚಕ್ರಗಳ ನಡುವೆ ದಪ್ಪವಾಗಿ, ಮೇಲಕ್ಕೆ ಹೋದಂತೆ ತೆಳುವಾಗಿ ಉದುರಿಸಿ, ತೊಟ್ಟು ತೊಟ್ಟಾಗಿ ಟರ್ಪೆಂಟೈನ್ ಬಿಡಿ. ಹಸಿಯಾಗಿದ್ದಾಗ ಪುಡಿ ಕಡುಬಣ್ಣಕ್ಕೆ ತಿರುಗುತ್ತದೆ, ಒಣಗಿದರೆ ತಿಳಿಯಾಗುತ್ತದೆ. ಇನ್ನಷ್ಟು ಬೇಕೇ ಎಂಬುದನ್ನು ಮರುದಿನ, ಕಿಟಕಿಯ ಬೆಳಕಿನಲ್ಲಿ ನೋಡಿ ನಿರ್ಧರಿಸಿ.