ಆರು ಮೂಲೆಯ ಕೌದಿ

ಕೇಳುಗರೆಲ್ಲರಿಗೂ ನಮಸ್ಕಾರ. ಮದುವೆ ಮುಗಿದ ಮೇಲೆ ಲಗ್ನಪತ್ರಿಕೆಗಳನ್ನು ಏನು ಮಾಡಬೇಕೆಂಬುದು ಎಲ್ಲರ ಮನೆಯ ತಕರಾರು. ಎಸೆಯಲು ಮನಸ್ಸು ಬಾರದು, ಇಟ್ಟುಕೊಂಡರೆ ಕಪಾಟು ತುಂಬುತ್ತದೆ. ಇಂದು ನಾನು ಹೇಳಲಿರುವ ಹೊಲಿಗೆಗೆ ಬೇಕಾಗುವುದು ಅಂಥದ್ದೇ ಕಾಗದ. ಬಹಳ ದಪ್ಪದ್ದು ಬೇಡ, ಪೋಸ್ಟ್ ಕಾರ್ಡಿನಷ್ಟು ಇದ್ದರೆ ಸಾಕು. ದೇವರ ಚಿತ್ರವಿರುವ ಭಾಗವನ್ನು ಬಿಟ್ಟುಬಿಡಿ.

ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ನಮಗೆ ಕೌದಿ ಎಂದರೇನೆಂದು ಯಾರೂ ಕಲಿಸಬೇಕಿಲ್ಲ. ಆದರೆ ಕೌದಿಗೆ ಸೂಜಿ ದಾರಕ್ಕಿಂತ ಮೊದಲು ಜಾಗ ಬೇಕು. ಹಳೆಯ ಸೀರೆಯನ್ನು ಉದ್ದಕ್ಕೂ ಹಾಸಬೇಕು, ಅದರ ಮೇಲೆ ತುಂಡುಗಳನ್ನು ಹರಡಬೇಕು, ಅದರ ಮೇಲೆಯೇ ಕುಳಿತು ಅಂಚಿನಿಂದ ಒಳಕ್ಕೆ ಸಾಲು ಹಿಡಿದು ಬರಬೇಕು. ಪಡಸಾಲೆ, ಅಂಗಳ ಇದ್ದ ಮನೆಗಳಲ್ಲಿ ಅದು ನಡೆಯುತ್ತಿತ್ತು. ಎರಡು ಕೋಣೆಯ ಮನೆಯಲ್ಲಿ ಹಾಸಿದ್ದನ್ನು ಊಟದ ಹೊತ್ತಿಗೆ ಎತ್ತಬೇಕು, ಎತ್ತಿದರೆ ತುಂಡುಗಳೆಲ್ಲ ಜರುಗುತ್ತವೆ. ಕೌದಿ ಹೊಲಿಯುವವರು ಕಡಿಮೆಯಾದದ್ದಕ್ಕೆ ಹೊಸ ಪೀಳಿಗೆಯ ಸೋಮಾರಿತನವೇ ಕಾರಣವೆಂದು ಹಿರಿಯರು ಗೊಣಗುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಕಡಿಮೆಯಾದದ್ದು ನೆಲ.

ಇಂಗ್ಲಿಷ್ ಪೇಪರ್ ಪೀಸಿಂಗ್ ಎಂಬ ಪದ್ಧತಿಗೆ ಇಷ್ಟು ನೆಲ ಬೇಡ, ತೊಡೆಯಷ್ಟು ಜಾಗ ಸಾಕು. ಕಾಗದದ ತುಂಡಿನ ಮೇಲೆ ಬಟ್ಟೆಯನ್ನು ಮಡಿಸಿ, ಅಂಥ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ, ಕೊನೆಗೆ ಕಾಗದವನ್ನು ಹೊರಗೆಳೆಯುವ ಕೆಲಸ ಇದು. ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಸರದಿಯಲ್ಲಿ, ಮಕ್ಕಳ ಟ್ಯೂಷನ್ ಬಿಡುವವರೆಗೆ ಮಾಡಬಹುದು. ಗಂಡಸರೂ ಮಾಡಬಹುದು, ನಮ್ಮ ಊರುಗಳ ದರ್ಜಿಗಳು ಹೆಚ್ಚಾಗಿ ಅವರೇ ತಾನೆ?

ಬಾನುಲಿಯಲ್ಲಿ ಚಿತ್ರ ತೋರಿಸಲಾಗದು. ಆದ್ದರಿಂದ ಮಕ್ಕಳ ಪೆಟ್ಟಿಗೆಯಿಂದ ಕೈವಾರ ತೆಗೆದುಕೊಳ್ಳಿ. ಎರಡು ಅಂಗುಲ ತ್ರಿಜ್ಯದ ವೃತ್ತ ಎಳೆಯಿರಿ. ಕೈವಾರವನ್ನು ಅಷ್ಟೇ ಅಗಲಕ್ಕೆ ಹಿಡಿದು ವೃತ್ತದ ಅಂಚಿನ ಮೇಲೆ ಗುರುತು ಹಾಕುತ್ತ ಹೋದರೆ ಸರಿಯಾಗಿ ಆರು ಗುರುತು ಬೀಳುತ್ತವೆ. ಅವುಗಳನ್ನು ಗೆರೆಯಿಂದ ಕೂಡಿಸಿದರೆ ಆರು ಮೂಲೆಯ ಆಕಾರ ಸಿದ್ಧ. ಅದನ್ನು ಗಟ್ಟಿ ರಟ್ಟಿನ ಮೇಲೆ ಕತ್ತರಿಸಿ ಅಚ್ಚು ಮಾಡಿಕೊಳ್ಳಿ. ಪ್ರತಿ ಕಾಗದವನ್ನೂ ಈ ಅಚ್ಚಿನಿಂದಲೇ ಗುರುತಿಸಬೇಕು, ಹಿಂದೆ ಕತ್ತರಿಸಿದ ಕಾಗದದಿಂದಲ್ಲ. ತುಂಡಿಗೆ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ನಲವತ್ತು ತುಂಡುಗಳ ಸಾಲಿನಲ್ಲಿ ಅದು ನಾಲ್ಕು ಸೆಂಟಿಮೀಟರ್ ಆಗಿ ನಿಲ್ಲುತ್ತದೆ. ಬಟ್ಟೆಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಬೇಡ. ಕಾಗದದ ಸುತ್ತ ಕಾಲು ಅಂಗುಲ ಹೆಚ್ಚಿದ್ದರೆ ಸಾಕು, ಓರೆಯಾಗಿದ್ದರೂ ನಡೆಯುತ್ತದೆ.

ಈಗ ಬಟ್ಟೆಯ ಹಿಂಬದಿಗೆ ಕಾಗದವಿಟ್ಟು ಒಂದು ಅಂಚನ್ನು ಬಿಗಿಯಾಗಿ ಮಡಿಸಿ. ಪಕ್ಕದ ಅಂಚನ್ನೂ ಮಡಿಸಿದಾಗ ಮೂಲೆಯಲ್ಲಿ ಬಟ್ಟೆ ಎರಡು ಪದರವಾಗುತ್ತದೆ. ಆ ಎರಡು ಪದರಗಳನ್ನು ಮಾತ್ರ ಸೂಜಿಯಿಂದ ಹಿಡಿದು, ಕಾಗದವನ್ನು ಚುಚ್ಚದೆ, ಮುಂದಿನ ಮೂಲೆಗೆ ಹೋಗಿ. ಆರು ಮೂಲೆಗೂ ಹೀಗೆಯೇ. ಅನಂತರ ಎರಡು ತುಂಡುಗಳ ಮುಂಬದಿಗಳನ್ನು ಎದುರುಬದುರಾಗಿ ಇಟ್ಟು, ಅಂಚಿನ ಒಂದೆರಡು ಎಳೆಗಳನ್ನಷ್ಟೇ ಹಿಡಿದು ಸುತ್ತುಹೊಲಿಗೆ ಹಾಕಿ. ಸೂಜಿಯ ಮೊನೆ ಕಾಗದಕ್ಕೆ ತಾಗಿದಾಗ ಬೆರಳಿಗೇ ತಿಳಿಯುತ್ತದೆ, ಒಂದಿಷ್ಟು ಮೇಲೆತ್ತಿದರಾಯಿತು. ಮೂರು ತುಂಡುಗಳು ಸೇರುವ ಜಾಗದಲ್ಲಿ ಎರಡು ಹೊಲಿಗೆ ಹೆಚ್ಚು ಹಾಕಿ, ಇಲ್ಲವಾದರೆ ಅಲ್ಲೊಂದು ಸಣ್ಣ ಕಿಂಡಿ ಉಳಿಯುತ್ತದೆ. ಬಣ್ಣಕ್ಕೊಂದು ದಾರ ಹುಡುಕುವ ಗೋಜೂ ಬೇಡ. ಬೂದು ಬಣ್ಣದ ದಾರ ಬಹುತೇಕ ಎಲ್ಲಕ್ಕೂ ಹೊಂದುತ್ತದೆ. ಸುತ್ತ ಆರು ಕಡೆಯೂ ನೆರೆಯ ತುಂಡುಗಳು ಕೂಡಿದ ಮೇಲೆಯೇ ನಡುವಿನ ಕಾಗದವನ್ನು ಎಳೆಯಬೇಕು. ಕಾಗದ ಹರಿಯದೆ ಬಂದರೆ ಮತ್ತೆ ಬಳಸಬಹುದು.

ಬಟ್ಟೆಯಲ್ಲಿ ಹತ್ತಿಗೆ ಸಮನಾದದ್ದಿಲ್ಲ. ಸೊಲ್ಲಾಪುರದಲ್ಲಿ ಸಮವಸ್ತ್ರ ಹೊಲಿಯುವ ಕಾರ್ಖಾನೆಗಳಿರುವುದರಿಂದ ತುಂಡು ಬಟ್ಟೆಗೆ ಬರವಿಲ್ಲ. ಆದರೆ ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ಮಡಿಕೆ ನಿಲ್ಲುವುದಿಲ್ಲ, ಬೆರಳು ಬಿಟ್ಟ ಕೂಡಲೇ ಎದ್ದು ಕೂರುತ್ತದೆ. ಖಣ ಅಂದವಾಗಿ ಕೂಡುತ್ತದೆ, ಆದರೆ ಎಳೆ ಬಿಚ್ಚಿಕೊಳ್ಳುತ್ತದೆ; ಅದಕ್ಕೆ ಅರ್ಧ ಅಂಗುಲ ಬಿಡಿ.

ಒಂದು ತುಂಡಿನ ಸುತ್ತ ಆರು ಕೂಡಿಸಿದರೆ ಹೂವಾಗುತ್ತದೆ. ಅದರ ಸುತ್ತಿನ ಸಾಲಿಗೆ ಹನ್ನೆರಡು, ಮುಂದಿನದಕ್ಕೆ ಹದಿನೆಂಟು. ಈ ಹೂತೋಟದ ವಿನ್ಯಾಸ 1930ರ ದಶಕದ ಅಮೆರಿಕದಲ್ಲಿ ಮನೆಮಾತಾಗಿತ್ತು. ಪದ್ಧತಿ ಅದಕ್ಕಿಂತ ಬಹಳ ಹಳೆಯದು: 1718ರ ಇಸವಿಯನ್ನು ಹೊತ್ತಿರುವ, ಕಾಗದದ ಅಚ್ಚಿನಿಂದ ಹೊಲಿದ ರೇಷ್ಮೆಯ ಹೊದಿಕೆಯೊಂದು ಇಂಗ್ಲೆಂಡಿನಲ್ಲಿದೆ. ಅರ್ಧಕ್ಕೆ ಬಿಟ್ಟ ಹಳೆಯ ಹೊದಿಕೆಗಳ ಬೆನ್ನಿನಲ್ಲಿ ಪತ್ರಗಳು, ಲೆಕ್ಕದ ಹಾಳೆಗಳು, ವೃತ್ತಪತ್ರಿಕೆಯ ಚೂರುಗಳು ಹಾಗೆಯೇ ಉಳಿದಿರುವುದುಂಟು. ಹೊದಿಕೆಯ ಕಾಲವನ್ನು ಅಂದಾಜು ಮಾಡಲು ಇತಿಹಾಸಕಾರರು ಅವುಗಳನ್ನೇ ಓದುತ್ತಾರೆ. ನಿಮ್ಮ ಲಗ್ನಪತ್ರಿಕೆಯಲ್ಲಂತೂ ತಿಥಿ, ವಾರ, ಮುಹೂರ್ತ ಎಲ್ಲವೂ ಇರುತ್ತವೆ!

ಲೆಕ್ಕ ಹೇಳದಿದ್ದರೆ ಮೋಸವಾದೀತು. ಐದು ಅಡಿಗೆ ಏಳು ಅಡಿಯ ಹೊದಿಕೆಗೆ ಒಂದು ಅಂಗುಲ ಬದಿಯ ತುಂಡುಗಳು ಸುಮಾರು 1,940 ಬೇಕು. ಎರಡು ಅಂಗುಲದವಾದರೆ 485ರ ಆಸುಪಾಸು. ಹೊಸಬರಿಗೆ ದೊಡ್ಡದೇ ಲೇಸು. ಅದೂ ಹೆಚ್ಚೆನಿಸಿದರೆ ದಿಂಬಿನ ಚೀಲಕ್ಕೆ ನಿಲ್ಲಿಸಿ, ಯಾರೂ ಕೇಳುವುದಿಲ್ಲ.

ಇಷ್ಟಾದರೂ ಸಿಗುವುದು ಮೇಲುಪದರ ಮಾತ್ರ. ಕೌದಿಯಲ್ಲಿ ತುಂಡು ಕೂಡಿಸುವ ಸಾಲೇ ಪದರಗಳನ್ನೂ ಹಿಡಿಯುತ್ತದೆ, ಇಲ್ಲಿ ಎರಡೂ ಬೇರೆ ಬೇರೆ ಕೆಲಸ. ಪದರ ಹಿಡಿಸಲು ಯಂತ್ರದ ಹೊಲಿಗೆ ಹಾಕಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಾಗದವೆಲ್ಲ ತೆಗೆದ ಮೇಲೆ ಅದರ ಕೆಳಗೆ ಎರಡು ಹಳೆಯ ನೂಲಿನ ಸೀರೆ ಹಾಸಿ, ನಮ್ಮ ಕೌದಿಯ ಸಾಲನ್ನೇ ಅಂಚಿನಿಂದ ಒಳಕ್ಕೆ ಹಾಕಿ. ಮೇಲುಪದರ ಆಗಲೇ ಒಂದೇ ಬಟ್ಟೆಯಾಗಿರುವುದರಿಂದ, ಪದರಗಳಿಗೆ ಅಲ್ಲಲ್ಲಿ ಕಚ್ಚಾ ಹೊಲಿಗೆ ಹಾಕಿಕೊಂಡರೆ ಊಟದ ಹೊತ್ತಿಗೆ ಸುತ್ತಿಟ್ಟರೂ ಏನೂ ಜರುಗದು. ಹೊರ ಅಂಚು ಗರಗಸದಂತೆ ಹಲ್ಲುಹಲ್ಲಾಗಿ ಇರುತ್ತದೆ. ಆ ಹಲ್ಲುಗಳನ್ನು ಕತ್ತರಿಸಬೇಡಿ. ಹಳೆಯ ಇಳಕಲ್ ಸೀರೆಯ ದಡಿಯ ಮೇಲೆ ಅವುಗಳನ್ನು ಹರಡಿ, ಅಂಚಿಗೆ ಹೊಲಿದುಬಿಡಿ.

ನಮಸ್ಕಾರ.