ಮುಚ್ಚಳ ತೆಗೆಯೋಕೆ ಯಾರಾದ್ರೂ ಬನ್ನಿ

ಹ್ಞಾಂ, ರೆಕಾರ್ಡ್ ಆಗ್ತಿದೆ. ನನ್ನ ಮುಷ್ಟಿ ನೋಡಿ, ಬೆಳಗ್ಗೆ ಹೊತ್ತು ಇಷ್ಟೇ ಮಡಚೋದು. ವಯಸ್ಸಿನ ಕಾಟ ಅಲ್ಲ ರೀ, ಲೆಟ್ರೊಜೋಲ್‌ದು. ಸ್ತನ ಕ್ಯಾನ್ಸರ್ ಮತ್ತೆ ಬರಬಾರದು ಅಂತ ದಿನಕ್ಕೊಂದು ಮಾತ್ರೆ, 2.5 ಮಿಲಿಗ್ರಾಂ, ನನಗೆ ಐದು ವರ್ಷ ಬರೆದಿದ್ದಾರೆ. ಮೈಯಲ್ಲಿ ಈಸ್ಟ್ರೊಜೆನ್ ತಯಾರಾಗೋದನ್ನ ತಡೆಯುತ್ತೆ. ಗಡ್ಡೆಗೆ ಸಿಗಬಾರದು, ಸರಿ. ಕೀಲುಗಳಿಗೂ ಸಿಗಲ್ಲವಲ್ಲ, ಅದಕ್ಕೇ ಈ ಬಿಗಿತ, ನೋವು!

ಇದು ಗ್ಲುಕೋಸಮೈನ್ ಡಬ್ಬಿ, ಕೀಲುನೋವಿಗೆ ಅಂತ ಮಾರೋ ಮಾತ್ರೆ. ಈ ಮುಚ್ಚಳದ ಕಥೆ ಕೇಳಿ. ಒತ್ತಿ ಹಿಡಿದು ತಿರುಗಿಸಬೇಕಂತೆ, ಮಕ್ಕಳು ತೆಗೀಬಾರದು ಅಂತ. ಆಯ್ತಪ್ಪಾ, ಆದರೆ ಮಾರೋದು ಯಾರಿಗೆ? ಬೆರಳು ಹಿಡ್ಕೊಂಡಿರೋರಿಗೆ! ನಿನ್ನೆ ಹತ್ತು ನಿಮಿಷ ಗುದ್ದಾಡಿದೆ. ಬಟ್ಟೆ ಸುತ್ತಿದೆ, ಬಾಗಿಲ ಸಂದಿಗೆ ಸಿಕ್ಕಿಸಿದೆ, ಬೈದೆ. ಕೊನೆಗೆ ಮಗ ಬಂದು ಟಕ್ ಅಂತ ತೆಗೆದ. ಈಗ ಮುಚ್ಚಳ ಸಡಿಲ ಬಿಟ್ಟು, ಅವನ ಕೈಗೆ ಎಟುಕದ ಹಾಗೆ ಮೇಲಿನ ಕಪಾಟಲ್ಲಿಟ್ಟಿದ್ದೀನಿ. ಅಲ್ಲಿಂದ ಇಳಿಸೋಕೆ ನನ್ನ ಭುಜ ಒಪ್ಪಲ್ಲ.

ಇನ್ನೊಂದು. ಮುಂದೆ ದಪ್ಪಕ್ಷರದಲ್ಲಿ 1500 ಮಿಲಿಗ್ರಾಂ. ಹಿಂದೆ ತಿರುಗಿಸಿದ್ರೆ ಇರುವೆ ಸಾಲಿನಂಥ ಅಕ್ಷರ: ಮೂರು ಮಾತ್ರೆ ಸೇರಿ ಅಷ್ಟು!

ಕೆಲಸ ಮಾಡುತ್ತಾ? ಹೋದ ವಿಡಿಯೋದಲ್ಲಿ ಈ ಗ್ಲುಕೋಸಮೈನ್ ದಂಡ ಅಂದಿದ್ದೆ. ಈ ವಾರ ಮೊಣಕಾಲು ಹಗುರ ಅನ್ನಿಸ್ತಿದೆ, ಅರ್ಧ ಮಾತು ವಾಪಸ್. ಅರ್ಧ ಯಾಕೆ ಅಂದ್ರೆ, ನನ್ನ ಥರದ ಕ್ಯಾನ್ಸರ್ ಮಾತ್ರೆ ತಗೊಂಡು ಕೀಲುನೋವು ಬಂದ 249 ಹೆಂಗಸರ ಮೇಲೆ ಒಮೆಗಾ-3 ಅನ್ನೋ ಮೀನೆಣ್ಣೆ ಕೊಬ್ಬಿನ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದ್ರು. ಅದನ್ನ ನುಂಗಿದವರ ನೋವು ಅರ್ಧಕ್ಕಿಂತ ಜಾಸ್ತಿ ಇಳೀತು. ಒಮೆಗಾ-3 ಇಲ್ಲದ ಬರೀ ಹುಸಿ ಮಾತ್ರೆ ನುಂಗಿದವರದ್ದೂ ಅಷ್ಟೇ ಇಳೀತು! ನನ್ನ ಮೊಣಕಾಲೂ ಅದೇ ನಾಟಕ ಆಡ್ತಿರಬಹುದು.

ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ ಇಂಥ ಹೆಂಗಸರಿಗೇ ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ, ಎರಡು ದಿನ ಭಾರ ಎತ್ತೋದು, ಹೀಗೆ ಒಂದು ವರ್ಷ. ನೋವು ಸುಮಾರು 29% ಇಳೀತು. ನಂಗೆ ವ್ಯಾಯಾಮ ಅಂದ್ರೆ ಆಗಲ್ಲ, ಅದಕ್ಕೇ ಡಬ್ಬಿ ತಂದಿದ್ದು, ಸುಳ್ಳ್ಯಾಕೆ.

ಅಯ್ಯೋ, ಬ್ಯಾಟರಿ ಕೆಂಪಾಯ್ತು. ಬೇಗ ಹೇಳ್ತೀನಿ: ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋರು, ಸೀಗಡಿ ಏಡಿ ಅಲರ್ಜಿ ಇರೋರು ಗ್ಲುಕೋಸಮೈನ್ ಮುಟ್ಟೋ ಮುಂಚೆ ಡಾಕ್ಟರ್‌ನ ಕೇಳಿ. ನೋವು ಅಂತ ಕ್ಯಾನ್ಸರ್ ಮಾತ್ರೆ ನೀವಾಗೇ ಬಿಡಬೇಡಿ, ಬದಲಿ ಮಾತ್ರೆಗಳಿವೆ. ಶೂ ಹಾಕ್ಕೊಳ್ತೀನಿ. ಲೇಸ್ ಕಟ್ಟೋದು ತೋರಿಸಲ್ಲ, ಅದಕ್ಕೇ ಬೇರೆ ವಿಡಿಯೋ ಬೇಕು.