ರಿವರ್ಸ್ ಬೀಳದ ಕಾರಿಗೆ ಮೂರನೆಯ ಪೆಡಲ್

[ದೃಶ್ಯ: ಗೋಡೆಗೆ ಮುಖ ಮಾಡಿ ನಿಂತ ಹಳೆಯ ಬಿಎಂಡಬ್ಲ್ಯು. ಗೇರ್ ಲಿವರ್ ‘ಆರ್’ ಮೇಲಿದೆ. ಎಂಜಿನ್ ಸದ್ದು ಏರುತ್ತದೆ, ಕಾರು ಕದಲುವುದಿಲ್ಲ.]

ನಮಸ್ಕಾರ. ಒಂದು, ಎರಡು, ಮೂರು ಎಂದು ಎಣಿಸಿದ್ದಾಯಿತು. ಕಾರು ಹಿಂದಕ್ಕೆ ಸರಿಯುತ್ತಿಲ್ಲ. ‘ಡಿ’ಗೆ ಹಾಕಿದರೆ ಏನೂ ಆಗದಂತೆ ಮುಂದಕ್ಕೆ ಹೋಗುತ್ತದೆ. 1998ರಿಂದ 2006ರವರೆಗೆ ತಯಾರಾದ ಇ46 ಪೀಳಿಗೆಯ ಬಿಎಂಡಬ್ಲ್ಯು 3 ಸರಣಿಯ ಆಟೋಮ್ಯಾಟಿಕ್ ಕಾರುಗಳನ್ನು ಬಲ್ಲವರಿಗೆ ಈ ಲಕ್ಷಣ ಚೆನ್ನಾಗಿ ಗೊತ್ತು. ಇಂಥ ಕಾರಿಗೆ ಮ್ಯಾನುಯಲ್ ಗೇರ್‌ಬಾಕ್ಸ್ ಕೂರಿಸಬಹುದೇ? ಕೂರಿಸಬಹುದು. ಬಹಳ ಜನ ಕೂರಿಸಿದ್ದಾರೆ. ಆದರೆ ಅವರಲ್ಲಿ ಹಲವರು ತಿಂಗಳುಗಟ್ಟಲೆ ಒದ್ದಾಡಿದ್ದು ಗೇರ್‌ಬಾಕ್ಸ್ ಎತ್ತಿ ಇಡುವುದಕ್ಕಲ್ಲ. ಅದರ ಸುತ್ತಲಿನ ಸಣ್ಣಪುಟ್ಟ ಭಾಗಗಳಿಗೆ. ಇವತ್ತು ಆ ಸಣ್ಣಪುಟ್ಟದರ ಬಗ್ಗೆಯೇ ಹೆಚ್ಚು ಮಾತನಾಡುತ್ತೇನೆ.

ಮೊದಲು ಕಾಯಿಲೆ. ಈ ಕಾರುಗಳಲ್ಲಿ ಹೆಚ್ಚಿನವಕ್ಕೆ ಐದು ಗೇರುಗಳ ಆಟೋಮ್ಯಾಟಿಕ್ ಇರುತ್ತದೆ. ಕೆಲವಕ್ಕೆ ಜೆಡ್‌ಎಫ್ ಕಂಪನಿಯ 5ಎಚ್‌ಪಿ19, ಕೆಲವಕ್ಕೆ ಜನರಲ್ ಮೋಟರ್ಸ್ ತಯಾರಿಸಿದ್ದು. ಒಳಗೆ ಎಣ್ಣೆಯ ಒತ್ತಡ ಕ್ಲಚ್ ತಟ್ಟೆಗಳನ್ನು ಒತ್ತಿ ಹಿಡಿದಾಗ ಮಾತ್ರ ಗೇರು ಕಚ್ಚುತ್ತದೆ. ವರ್ಷಗಳು ಕಳೆದಂತೆ ಸೀಲುಗಳು ಗಟ್ಟಿಯಾಗುತ್ತವೆ, ಒತ್ತಡ ಸೋರುತ್ತದೆ, ತಟ್ಟೆಗಳು ಜಾರುತ್ತವೆ, ಜಾರಿ ಸುಡುತ್ತವೆ. ಇದರ ಎಣ್ಣೆ ಜೀವಮಾನಕ್ಕೆ ಸಾಕು, ಬದಲಿಸಬೇಕಾಗಿಲ್ಲ ಎಂದು ಕಾರಿನ ಕಂಪನಿ ಹೇಳಿತ್ತು. ಗೇರ್‌ಬಾಕ್ಸ್ ಮಾಡಿದ ಜೆಡ್‌ಎಫ್ ಮಾತ್ರ 80,000ದಿಂದ 1,20,000 ಕಿಲೋಮೀಟರಿಗೆ, ಇಲ್ಲವೇ ಎಂಟು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತದೆ. ಮೊದಲನೆಯ ಮಾತನ್ನು ನಂಬಿದ ಮಾಲೀಕರ ಬಗ್ಗೆ ನನಗೆ ನಿಜವಾಗಿಯೂ ಮರುಕವಿದೆ.

ಹಾಗೆಂದು ಇವತ್ತೇ ಸ್ಪ್ಯಾನರ್ ಹಿಡಿಯಬೇಡಿ. ಮೊದಲು ಎಣ್ಣೆಯ ಮಟ್ಟ ನೋಡಿ. ಇದಕ್ಕೆ ಅಳತೆ ಕಡ್ಡಿ ಇಲ್ಲ. ಕಾರನ್ನು ಸಮತಟ್ಟಾಗಿ ಎತ್ತಿ, ಎಂಜಿನ್ ಚಾಲೂ ಇಟ್ಟು, ಎಣ್ಣೆ ಸುಮಾರು 30ರಿಂದ 50 ಡಿಗ್ರಿ ಬಿಸಿ ಇರುವಾಗ ತುಂಬುವ ತೂತಿನ ಬಿರಡೆ ಬಿಚ್ಚಿ ನೋಡಬೇಕು. ಎಣ್ಣೆ ಕಡಿಮೆಯಿದ್ದರೂ ಇದೇ ರೀತಿ ಜಾರುವುದುಂಟು. ಮಟ್ಟ ಸರಿಯಿದ್ದು, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಆಗ ಮುಂದಿನ ಯೋಚನೆ ಮಾಡೋಣ.

[ದೃಶ್ಯ: ಡ್ಯಾಶ್‌ಬೋರ್ಡ್ ಕೆಳಗಿನ ಪೆಡಲ್ ಜಾಗ, ಹತ್ತಿರದಿಂದ.]

ನಾನು ಈ ಕಾರನ್ನು ಉದಾಹರಣೆಗೆ ಆರಿಸಿದ್ದಕ್ಕೆ ಕಾರಣ ಇಲ್ಲಿದೆ. ಇದೇ ಕಾರು ಇದೇ ಎಂಜಿನ್ನಿನೊಂದಿಗೆ ಮ್ಯಾನುಯಲ್ ಆಗಿಯೂ ಮಾರಾಟವಾಯಿತು. ಹಾಗಾಗಿ ಕ್ಲಚ್ ಪೆಡಲ್ ಕೂರುವ ಜಾಗ ಮೊದಲೇ ಇದೆ. ಕ್ಲಚ್‌ಗೆ ದ್ರವ ಕೊಡುವ ನಳಿಕೆ ಬ್ರೇಕ್ ದ್ರವದ ಡಬ್ಬಿಯಿಂದಲೇ ಹೊರಡುತ್ತದೆ. ಕಾರ್ಖಾನೆಯೇ ಅರ್ಧ ಕೆಲಸ ಮಾಡಿಟ್ಟಿದೆ. ಮ್ಯಾನುಯಲ್ ಸೋದರನೇ ಇಲ್ಲದ ಕಾರಾದರೆ ಈ ಸಾಹಸಕ್ಕೆ ಇಳಿಯಬೇಡಿ.

ಭಾಗಗಳನ್ನು ಒಂದೊಂದಾಗಿ ಕೊಳ್ಳುವುದಕ್ಕಿಂತ ಅಪಘಾತವಾಗಿ ಮೂಲೆ ಸೇರಿದ ಮ್ಯಾನುಯಲ್ ಕಾರೊಂದನ್ನು ಇಡಿಯಾಗಿ ಕೊಳ್ಳಿ. ಗೇರ್‌ಬಾಕ್ಸ್, ಪೆಡಲುಗಳು, ಕ್ಲಚ್ ಸಿಲಿಂಡರುಗಳು, ಕ್ಲಚ್ ಕೂರುವ ಭಾರದ ಚಕ್ರವಾದ ಫ್ಲೈವೀಲ್, ಗೇರ್‌ಬಾಕ್ಸಿನ ತಿರುಗುವಿಕೆಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಗೇರ್‌ಬಾಕ್ಸನ್ನು ಹೊರುವ ಅಡ್ಡಪಟ್ಟಿ, ಗೇರ್ ಲಿವರ್, ಅದನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್, ಎಲ್ಲವೂ ಒಂದೇ ಕಡೆ ಸಿಗುತ್ತವೆ. ಹೆಸರೇ ಗೊತ್ತಿಲ್ಲದ ಒಂದು ಕ್ಲಿಪ್ಪಿಗಾಗಿ ಎರಡು ವಾರ ಕಾಯುವ ಸಂಕಟ ತಪ್ಪುತ್ತದೆ.

ಬಿಚ್ಚುವ ಕೆಲಸದ ಬಗ್ಗೆ ಎರಡೇ ಮಾತು. ಗೇರ್‌ಬಾಕ್ಸಿನ ನೆತ್ತಿಯ ಬೋಲ್ಟುಗಳಿಗೆ ಕೈ ಎಟುಕುವುದಿಲ್ಲ. ಹಿಂದಿನಿಂದ ಉದ್ದನೆಯ ಎಕ್ಸ್‌ಟೆನ್ಷನ್ ತೂರಿಸಿಯೇ ಬಿಚ್ಚಬೇಕು. ಇನ್ನು, ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಸಮೇತ ಆಟೋಮ್ಯಾಟಿಕ್ ಬಹಳ ಭಾರ. ಗೇರ್‌ಬಾಕ್ಸ್ ಜ್ಯಾಕ್ ಇಲ್ಲದೆ, ಎದೆಯ ಮೇಲೆ ಇಳಿಸಿಕೊಳ್ಳುತ್ತೇನೆ ಎಂಬ ಧೈರ್ಯ ಯಾರಿಗೂ ಬೇಡ. ಅದು ಹೊರಬಂದಾಗ ಎಂಜಿನ್ನಿನ ಹಿಂಬದಿಯ ಎಣ್ಣೆ ಸೀಲನ್ನು ತಪ್ಪದೆ ಬದಲಿಸಿ. ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ, ಗೇರ್‌ಬಾಕ್ಸ್ ದಂಡದ ಮೂತಿಯನ್ನು ಹಿಡಿಯುವ ಪೈಲಟ್ ಬೇರಿಂಗ್ ಕೂರಿಸುವುದನ್ನು ಮರೆಯಬೇಡಿ. ಆಟೋಮ್ಯಾಟಿಕ್ ಕಾರಿನಲ್ಲಿ ಅದು ಇರುವುದಿಲ್ಲ. ಮರೆತರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಫ್ಲೈವೀಲಿಗೆ ಹೊಸ ಬೋಲ್ಟುಗಳನ್ನೇ ಹಾಕಿ. ಆಟೋಮ್ಯಾಟಿಕ್ಕಿನ ಎಣ್ಣೆಯ ಶಾಖವನ್ನು ಹತೋಟಿಯಲ್ಲಿಡುವ ಪುಟ್ಟ ಘಟಕವೊಂದು ರೇಡಿಯೇಟರ್ ಪಕ್ಕದಲ್ಲಿದೆ. ಅದನ್ನು ತೆಗೆದರೆ ಕೂಲೆಂಟ್ ಟ್ಯಾಂಕಿನ ಬುಡವನ್ನೂ ಮ್ಯಾನುಯಲ್ ಕಾರಿನದಕ್ಕೆ ಬದಲಿಸಿ. ಇಲ್ಲವಾದರೆ ನೀರೆಲ್ಲ ನೆಲದ ಪಾಲು.

[ದೃಶ್ಯ: ಬಿಚ್ಚಿದ ವೈರಿಂಗ್ ಗೊಂಚಲು, ಪಕ್ಕದಲ್ಲಿ ಲ್ಯಾಪ್‌ಟಾಪ್.]

ಈಗ ಜನ ಸೋಲುವ ಜಾಗಕ್ಕೆ ಬಂದೆವು. ಎಲ್ಲ ಕೂರಿಸಿ ಕೀಲಿ ತಿರುಗಿಸುತ್ತೀರಿ; ಸ್ಟಾರ್ಟರ್ ಮಿಸುಕುವುದಿಲ್ಲ. ಲಿವರ್ ‘ಪಿ’ (ಪಾರ್ಕ್) ಅಥವಾ ‘ಎನ್’ (ನ್ಯೂಟ್ರಲ್)ನಲ್ಲಿದೆ ಎಂಬ ಸಂಕೇತ ಬಂದರೆ ಮಾತ್ರ ಸ್ಟಾರ್ಟ್ ಆಗಲು ಬಿಡಬೇಕೆಂದು ಕಾರಿಗೆ ಕಲಿಸಲಾಗಿದೆ. ಆ ಲಿವರನ್ನು ನೀವು ತೆಗೆದುಬಿಟ್ಟಿದ್ದೀರಿ. ಆ ಸಂಕೇತಕ್ಕೆ ಬದಲಿ ವೈರಿಂಗ್ ಬೇಕು, ಕ್ಲಚ್ ಒತ್ತಿದಾಗ ಮಾತ್ರ ಸ್ಟಾರ್ಟ್ ಆಗುವಂತೆ. ಎರಡು ವೈರುಗಳನ್ನು ಸುಮ್ಮನೆ ಜೋಡಿಸಿ ಮುಗಿಸುವವರಿದ್ದಾರೆ. ಅಂಥ ಕಾರು ಗೇರಿನಲ್ಲಿರುವಾಗಲೂ ಸ್ಟಾರ್ಟ್ ಆಗಿ ಮುಂದೆ ನಿಂತವರ ಮೇಲೆ ನೆಗೆಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ರಿವರ್ಸ್ ದೀಪಕ್ಕೆ ಹೊಸ ಗೇರ್‌ಬಾಕ್ಸಿನ ಸ್ವಿಚ್ಚಿನಿಂದ ವೈರ್ ಎಳೆಯಬೇಕು. ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಇದ್ದರೆ ಕ್ಲಚ್ ಒತ್ತಿದೊಡನೆ ಅದು ಬಿಟ್ಟುಕೊಡಬೇಕು. ಇಲ್ಲವಾದರೆ ಗೇರ್ ಬದಲಿಸುವಾಗ ಎಂಜಿನ್ ಕಿರುಚುತ್ತದೆ. ಕೊನೆಗೆ ಕೋಡಿಂಗ್. ಎಂಜಿನ್ ಕಂಪ್ಯೂಟರ್ ಕಳೆದುಹೋದ ಗೇರ್‌ಬಾಕ್ಸ್ ಕಂಪ್ಯೂಟರಿನ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ, ಎಚ್ಚರಿಕೆ ದೀಪ ಆರುವುದಿಲ್ಲ. ಈ ಕಾರು ಇನ್ನು ಮ್ಯಾನುಯಲ್ ಎಂದು ಅದಕ್ಕೂ, ಸ್ಕಿಡ್ ತಡೆಯುವ ವ್ಯವಸ್ಥೆಗೂ ತಂತ್ರಾಂಶದ ಮೂಲಕ ತಿಳಿಸಬೇಕು.

[ದೃಶ್ಯ: ಕಪ್ಪು ಹಲಗೆಯ ಮೇಲೆ ಲೆಕ್ಕ.]

ಮ್ಯಾನುಯಲ್ ಕಾರಿನ ಡಿಫರೆನ್ಷಿಯಲ್ ಯಾಕೆ ಬೇಕು? ಈ ಲೆಕ್ಕ ನನಗೆ ತುಂಬ ಇಷ್ಟ, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಜೆಡ್‌ಎಫ್ ಆಟೋಮ್ಯಾಟಿಕ್ಕಿನ ಐದನೆಯ ಗೇರಿನ ಅನುಪಾತ 0.74, ಅಂದರೆ ಗೇರ್‌ಬಾಕ್ಸಿನಿಂದ ಹೊರಡುವ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ 0.74 ಸುತ್ತು ತಿರುಗಿದರೆ ಸಾಕು. ಇದೇ ಪೀಳಿಗೆಯ, ಆರಂಭದ ವರ್ಷಗಳ 330ಐ ಕಾರಿನ ಐದು ಗೇರುಗಳ ಮ್ಯಾನುಯಲ್ಲಿನಲ್ಲಿ ಐದನೆಯದು 1.00. ಹಳೆಯ ಡಿಫರೆನ್ಷಿಯಲ್ಲನ್ನೇ ಉಳಿಸಿಕೊಂಡಿರಿ ಎನ್ನೋಣ. ಹೆದ್ದಾರಿಯಲ್ಲಿ ನಿಮಿಷಕ್ಕೆ 3,000 ಸುತ್ತಿನಲ್ಲಿ ತಣ್ಣಗೆ ಓಡುತ್ತಿದ್ದ ಎಂಜಿನ್ ಅದೇ ವೇಗಕ್ಕೆ ಈಗ ಸುಮಾರು 4,050 ಸುತ್ತು ತಿರುಗಬೇಕು. ಸದ್ದು, ಪೆಟ್ರೋಲು, ಎರಡೂ ಏರುತ್ತವೆ. ನಂತರದ ಕಾರುಗಳ ಆರು ಗೇರುಗಳ ಮ್ಯಾನುಯಲ್ ಸಿಕ್ಕರೆ ಕೊನೆಯ ಗೇರು 0.85, ಸುಮಾರು 3,450 ಸುತ್ತು. ಪರವಾಗಿಲ್ಲ, ಆದರೂ ಹಳೆಯ ಸುಖವಲ್ಲ. ಮ್ಯಾನುಯಲ್ ಕಾರಿನ ಡಿಫರೆನ್ಷಿಯಲ್ಲನ್ನೂ ಹಾಕಿದಾಗಲೇ ಕಾರು ತನ್ನ ಹದಕ್ಕೆ ಬರುತ್ತದೆ.

ಕಾನೂನಿನ ವಿಷಯ. ಜರ್ಮನಿಯಲ್ಲಿರುವ ಕನ್ನಡಿಗರು ಕೆಲಸಕ್ಕೆ ಮೊದಲೇ ತಪಾಸಣಾ ಸಂಸ್ಥೆಯ ಎಂಜಿನಿಯರನ್ನು ಕಂಡು ಮಾತನಾಡಿ. ಪರವಾನಗಿಯಲ್ಲಿ 78 ಎಂಬ ಸಂಕೇತವಿದ್ದರೆ ನೀವು ಆಟೋಮ್ಯಾಟಿಕ್ ಮಾತ್ರ ಓಡಿಸಬಹುದು. ಹೊಸ ಪೆಡಲ್ ಮುಟ್ಟುವಂತಿಲ್ಲ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. ಆರ್‌ಟಿಒ ಮತ್ತು ವಿಮಾ ಕಂಪನಿಯಿಂದ ಮೊದಲೇ ಲಿಖಿತ ಉತ್ತರ ಪಡೆಯಿರಿ. ವಿಮೆ ತಿರಸ್ಕೃತವಾದ ಮೇಲೆ ವಾದಿಸಿ ಪ್ರಯೋಜನವಿಲ್ಲ.

ಮಂಡಿ ನೋವಿರುವವರು, ದಿನವೂ ಸಿಲ್ಕ್ ಬೋರ್ಡ್‌ನಂಥ ದಟ್ಟಣೆಯಲ್ಲಿ ತೆವಳುವವರು, ಮನೆಯಲ್ಲಿ ಮತ್ತೊಬ್ಬರು ಆಟೋಮ್ಯಾಟಿಕ್ಕನ್ನೇ ನಂಬಿರುವವರು, ಇವರಿಗೆಲ್ಲ ಇರುವ ಗೇರ್‌ಬಾಕ್ಸನ್ನು ಬಿಚ್ಚಿ ದುರಸ್ತಿ ಮಾಡಿಸುವುದೇ ಸರಿ.

[ದೃಶ್ಯ: ಕಾರಿನ ಹಿಂಭಾಗ. ಬಿಳಿ ದೀಪ ಹೊತ್ತಿಕೊಳ್ಳುತ್ತದೆ, ಕಾರು ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ.]

ಮೊದಲ ಕೆಲವು ನೂರು ಕಿಲೋಮೀಟರ್ ಕ್ಲಚ್ಚಿಗೆ ಬಿರುಸು ಬೇಡ. ಕಾರಿನಡಿ ಎಣ್ಣೆಯ ಹನಿ ಬಿದ್ದಿದೆಯೇ ಎಂದು ದಿನವೂ ನೋಡಿ. ಹೊರತೆಗೆದ ಆಟೋಮ್ಯಾಟಿಕ್ಕನ್ನು ಗುಜರಿಗೆ ಹಾಕಬೇಡಿ. ಅದರ ಹೊರಕವಚ, ವಾಲ್ವುಗಳಿರುವ ಭಾಗ, ಕಂಪ್ಯೂಟರ್ ಚೆನ್ನಾಗಿಯೇ ಇರಬಹುದು; ಅದೇ ಗೇರ್‌ಬಾಕ್ಸ್ ರಿಪೇರಿ ಮಾಡಲು ಕುಳಿತವರೊಬ್ಬರು ಎಲ್ಲೋ ಅವನ್ನೇ ಹುಡುಕುತ್ತಿರುತ್ತಾರೆ.